ಹದಿನೇಳು ಇಂಚಿನ ಚಕ್ರ, ಎರಡು ಮೂಟೆ ಹಿಂಡಿ

ಕಳೆದ ವರ್ಷ ಸುಮಾರು ಆರು ತಿಂಗಳು ನಾನು ಜನರ ಮುಖ ನೋಡುವುದನ್ನು ಬಿಟ್ಟು ಅವರ ಕಾರಿನ ಚಕ್ರ ನೋಡುತ್ತಿದ್ದೆ. ಮದುವೆಗೆ ಹೋದರೆ ಒಳಗೆ ಹೋಗಿ ಅಕ್ಷತೆ ಹಾಕುವ ಮೊದಲು ಛತ್ರದ ಹೊರಗೆ ನಿಂತ ಕಾರುಗಳ ಸಾಲಿಗೆ ಒಂದು ಸುತ್ತು ಹಾಕುತ್ತಿದ್ದೆ. ಯಾರದು ಕಬ್ಬಿಣದ ಚಕ್ರ, ಯಾರದು ಅಲಾಯ್, ಯಾವುದಕ್ಕೆ ಐದು ಕಡ್ಡಿ, ಯಾವುದಕ್ಕೆ ಹತ್ತು ಎಂದು ನೋಡಿಕೊಂಡು ಒಳಗೆ ಹೋಗುವಷ್ಟರಲ್ಲಿ ತಾಳಿ ಕಟ್ಟಿ ಮುಗಿದಿರುತ್ತಿತ್ತು. ಐವತ್ತೆರಡು ವಯಸ್ಸಿನ, ಚಳ್ಳಕೆರೆಯಲ್ಲಿ ಅಪ್ಪನ ಕಾಲದ ಶೇಂಗಾ ಎಣ್ಣೆ ಮಿಲ್ಲು ನಡೆಸುವ, ದಿನಾ ಬೆಳಿಗ್ಗೆ ತಪ್ಪದೆ ವಿಭೂತಿ ಹಚ್ಚುವ ಮನುಷ್ಯನಿಗೆ ಇದು ಶೋಭಿಸುವ ಕೆಲಸವಲ್ಲ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡುವುದಕ್ಕೇ ಅಲ್ಲವೆ ಚಟ ಎನ್ನುವುದು?

ನನ್ನದು ಬಿಳಿ ಬಣ್ಣದ, ಉದ್ದ ಡಿಕ್ಕಿಯ, ಸೀದಾಸಾದಾ ಸೆಡಾನ್. ಹದಿನೈದು ಇಂಚಿನ ಕಪ್ಪು ಕಬ್ಬಿಣದ ಚಕ್ರಗಳು, ಅವುಗಳ ಮೇಲೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಟೋಪಿಗಳು. ನಾಲ್ಕು ಟೋಪಿಗಳಲ್ಲಿ ಒಂದು ಹಾನಗಲ್ ಹತ್ತಿರ ಎಲ್ಲೋ ಹಾರಿಹೋದ ಮೇಲೆ ಕಾರು ಎಡಗಡೆಯಿಂದ ನೋಡಿದರೆ ಸಂಸಾರಿ, ಬಲಗಡೆಯಿಂದ ನೋಡಿದರೆ ಅರ್ಧ ಸನ್ಯಾಸಿ. ನನ್ನ ಹೆಂಡತಿ ಉಳಿದ ಮೂರನ್ನೂ ಕಿತ್ತುಹಾಕಿ ಪೂರ್ತಿ ಸನ್ಯಾಸ ಕೊಡಿಸಿ ಎಂದಳು. ನನಗೆ ಅಷ್ಟು ವೈರಾಗ್ಯ ಇರಲಿಲ್ಲ.

ದೊಡ್ಡ ಚಕ್ರ ಹಾಕಿಸಬೇಕು ಎನ್ನುವುದಕ್ಕೆ ನಾನು ಊರಿಗೆಲ್ಲ ಹೇಳಿದ ಕಾರಣ, ಕಾರಿನ ಹೊಟ್ಟೆ ರಸ್ತೆಯ ಹಂಪುಗಳಿಗೆ ತಾಗುತ್ತದೆ ಎಂಬುದು. ಅದೂ ಸುಳ್ಳಲ್ಲ. ತಿಂಗಳಿಗೆ ಎರಡು ಸೋಮವಾರ, ಮಿಲ್ಲಿಗೆ ರಜೆಯ ದಿನ, ನಮ್ಮ ಅವ್ವನನ್ನು ಮೊಳಕಾಲ್ಮೂರಿಗೆ ಅವಳ ತಂಗಿಯ ಮನೆಗೆ ಕರೆದುಕೊಂಡು ಹೋಗುವುದು ಎಷ್ಟೋ ವರ್ಷದ ರೂಢಿ. ಚಿಕ್ಕವ್ವ ಎರಡು ಎಮ್ಮೆ ಸಾಕಿದ್ದಾಳೆ. ಶೇಂಗಾದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಎಮ್ಮೆಗೆ ಹಬ್ಬದೂಟ. ಆದ್ದರಿಂದ ಅವ್ವ ಕಾರು ಹತ್ತುವ ಮೊದಲು ಡಿಕ್ಕಿಯಲ್ಲಿ ಎರಡು ಮೂಟೆ ಹಿಂಡಿ ಹತ್ತಿರುತ್ತದೆ. ಮೂಟೆ ಹತ್ತಿದೆಯೇ ಎಂದು ಬೆರಳಿಂದ ಒತ್ತಿ ನೋಡಿಯೇ ಅವಳು ಮುಂದಿನ ಸೀಟಿಗೆ ಬಂದು ಕೂರುವುದು. ಎಮ್ಮೆ ತಿಂದ ಹಿಂಡಿ ತುಪ್ಪವಾಗಿ, ಜೊತೆಗೆ ಹುಣಿಸೆಹಣ್ಣು, ಕಾಲಕ್ಕೆ ಸೀತಾಫಲ ಸೇರಿ, ಅದೇ ಡಿಕ್ಕಿಯಲ್ಲಿ ಚಳ್ಳಕೆರೆಗೆ ವಾಪಸು ಬರುತ್ತದೆ.

ಇನ್ನು ಹಂಪು. ನಮ್ಮ ಕಡೆಯ ರಸ್ತೆ ಹಂಪುಗಳ ಬಗ್ಗೆ ಯಾರಾದರೂ ಕೂತು ಅಭ್ಯಾಸ ಮಾಡಬೇಕು. ಸರ್ಕಾರ ಹಾಕಿದವುಗಳಿಗೆ ಬಿಳಿ ಪಟ್ಟೆ ಇರುತ್ತದೆ, ಒಂದು ಅಳತೆ ಇರುತ್ತದೆ. ಊರಿನವರೇ ಹಾಕಿಕೊಂಡವುಗಳಿಗೆ ಅಳತೆ ಇಲ್ಲ. ಯಾರದೋ ಕರುವಿಗೆ ಯಾವುದೋ ಲಾರಿ ಗುದ್ದಿದ ಮರುದಿನ ಎದ್ದ ಹಂಪು ಅದು; ಆವತ್ತು ಊರಿಗೆ ಎಷ್ಟು ಸಿಟ್ಟಿತ್ತೋ ಅಷ್ಟು ಎತ್ತರ. ಕೆಲವನ್ನು ನೇರವಾಗಿ ಹತ್ತಿದರೆ ಕೆಲಸ ಕೆಟ್ಟಿತು, ಒಂದೊಂದೇ ಚಕ್ರ ಹತ್ತಿಸಿ ಓರೆಯಾಗಿ ದಾಟಬೇಕು. ಎರಡು ಮೂಟೆ ಹೊತ್ತ ನನ್ನ ಕಾರು ಎಷ್ಟೇ ಓರೆಯಾಗಿ ದಾಟಿದರೂ ಹೊಟ್ಟೆ ಉಜ್ಜುತ್ತಿತ್ತು. ಉಜ್ಜಿದಾಗಲೆಲ್ಲ ಅವ್ವ ಬಾಗಿಲ ಹಿಡಿ ಹಿಡಿದು "ಶಿವಾ" ಅನ್ನುತ್ತಿದ್ದಳು. ಮೊಳಕಾಲ್ಮೂರು ಮುಟ್ಟುವಷ್ಟರಲ್ಲಿ ಒಂದು ಸಣ್ಣ ಜಪವೇ ಆಗುತ್ತಿತ್ತು.

ನಿಜವಾದ ಕಾರಣ ಬೇರೆ, ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಚಳ್ಳಕೆರೆಯ ಒಂದು ಛತ್ರದ ಮುಂದೆ ನನ್ನದೇ ಕಂಪನಿಯ, ನನ್ನದೇ ಬಣ್ಣದ ಕಾರೊಂದು ಹದಿನೇಳು ಇಂಚಿನ ಹತ್ತು ಕಡ್ಡಿಯ ಅಲಾಯ್ ಹಾಕಿಕೊಂಡು ನಿಂತಿತ್ತು. ಅದರ ಪಕ್ಕದಲ್ಲಿ ನನ್ನದು ಮೂರು ಟೋಪಿಯೊಂದಿಗೆ ನಿಂತಿತ್ತು. ಅಷ್ಟೇ. ಕೆಲವು ಗಂಡಸರಿಗೆ ಈ ವಯಸ್ಸಿನಲ್ಲಿ ತಲೆಗೆ ಬಣ್ಣ ಹಚ್ಚುವ ಆಸೆ ಹುಟ್ಟುತ್ತದಂತೆ. ನನಗೆ ಹಚ್ಚುವಷ್ಟು ಕೂದಲು ಇಲ್ಲದ್ದರಿಂದ ಆಸೆ ಚಕ್ರಕ್ಕೆ ಇಳಿಯಿತು.

ಸಾದಿಕ್‌ನ ಟೈರ್ ಅಂಗಡಿ ಬಳ್ಳಾರಿ ರಸ್ತೆಯಲ್ಲಿದೆ. ಮಿಲ್ಲಿನ ಲಾರಿಗೂ ನನ್ನ ಕಾರಿಗೂ ಅವನೇ ವೈದ್ಯ. ಅವನು ನನಗೆ ಮೊದಲ ದಿನವೇ ಒಂದು ಸತ್ಯ ಹೇಳಿ ದಂಗುಬಡಿಸಿದ. ಚಕ್ರದ ಲೋಹದ ಭಾಗ ದೊಡ್ಡದಾದರೆ ಅದರ ಸುತ್ತಲಿನ ರಬ್ಬರ್ ತೆಳ್ಳಗಾಗಬೇಕು, ಒಟ್ಟು ಸುತ್ತಳತೆ ಮೊದಲಿದ್ದಷ್ಟೇ ಇರಬೇಕು, ಅದು ಲೆಕ್ಕವಂತೆ. ಅಂದರೆ ಅಷ್ಟೆಲ್ಲ ಮಾಡಿದರೂ ಕಾರು ಒಂದು ಕೂದಲೆಳೆಯಷ್ಟೂ ಮೇಲೆ ಏಳುವುದಿಲ್ಲ! ನಾನು ಊರಿಗೆಲ್ಲ ಹೇಳಿದ ಕಾರಣ ಅಲ್ಲೇ ಕುಸಿಯಿತು. ಆದರೆ ನಾನು ಎಣ್ಣೆ ವ್ಯಾಪಾರಿ, ಸುಲಭಕ್ಕೆ ಬಿಡುವವನಲ್ಲ. ಲೋಹವೂ ದೊಡ್ಡದಾಗಲಿ, ರಬ್ಬರೂ ದಪ್ಪಗಿರಲಿ ಎಂದು ಹಿಡಿದೆ.

"ಹಾಕಬೋದು ಅಣ್ಣ, ಹಾಕಬಾರದು ಅಂತೇನಿಲ್ಲ," ಎಂದ ಸಾದಿಕ್, ಹಿಂದಿನ ಚಕ್ರದ ಮೇಲಿನ ಕಮಾನಿನೊಳಗೆ ಕೈ ಹಾಕಿ. "ಆದ್ರೆ ಇಲ್ಲಿ ಒಂದು ಬೆರಳಷ್ಟು ಜಾಗ ಉಳಿತೈತೆ. ಹಿಂದೆ ಕುಂತ್ರೆ ಉಜ್ಜತೈತೆ. ಲೋಡ್ ಎಷ್ಟು ಹಾಕ್ತೀರಿ ಹೇಳ್ರಿ."

"ಲೋಡ್ ಎಲ್ಲೀದು ಸಾದಿಕ್? ನಾನು, ನಮ್ಮವ್ವ. ಇಬ್ಬರೇ."

ಈ ಮಾತು ಹೇಳುವಾಗ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಖಂಡಿತ ಅನ್ನಿಸಲಿಲ್ಲ. ಅವ್ವ ಎಷ್ಟು ತೂಗುತ್ತಾಳೆ ಎಂದು ಕೂಡ ಅಂದಾಜು ಮಾಡಿ ಹೇಳಿದೆ. ಸಾದಿಕ್ ಹೊಸ ಚಕ್ರ ಹಾಕಿ, ನನ್ನನ್ನೂ ತನ್ನ ಕೆಲಸದವನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆರಳು ಹಾಕಿ ನೋಡಿ, ಹ್ಞೂಂ ಎಂದು ತಲೆಯಾಡಿಸಿದ. ಹಳೆಯ ಚಕ್ರಗಳು ಅವನ ಅಟ್ಟ ಹತ್ತಿದವು. ನಾನು ಹೊಸ ಚಕ್ರದ ಮೇಲೆ ಮನೆಗೆ ಬಂದೆ.

ಬಂದವನು ಕಾರನ್ನು ಮಿಲ್ಲಿನ ಒಳಗೆ ನಿಲ್ಲಿಸದೆ ರಸ್ತೆಗೆ ಕಾಣುವ ಹಾಗೆ ನಿಲ್ಲಿಸಿದೆ. ಯಾರೂ ನೋಡಲಿಲ್ಲ. ಶೇಂಗಾ ತಂದವರು ಶೇಂಗಾದ ರೇಟು ಕೇಳಿದರು, ಎಣ್ಣೆಗೆ ಬಂದವರು ಎಣ್ಣೆಯ ರೇಟು ಕೇಳಿದರು. ಕಾರಿಗೆ ಒರಗಿ ನಿಂತು ಬೀಡಿ ಸೇದಿದವರೂ ತಮ್ಮ ಮೊಣಕಾಲಿನ ಪಕ್ಕದಲ್ಲಿ ಏನಿದೆ ಎಂದು ಬಗ್ಗಿ ನೋಡಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ಕೊಡೆ ಹಿಡಿದವನನ್ನು ಒಬ್ಬನಾದರೂ ತಿರುಗಿ ನೋಡದಿದ್ದರೆ ಅವನಿಗೆ ಹೇಗಾಗುತ್ತದೆ ಎಂದು ಮಾತ್ರ ಗಾದೆ ಮಾಡಿದವರು ಯೋಚಿಸಿಲ್ಲ.

ಸೋಮವಾರ ಬಂತು. ಎಂದಿನಂತೆ ಎರಡು ಮೂಟೆ ಹತ್ತಿದವು, ಅವ್ವ ಒತ್ತಿ ನೋಡಿದಳು, ಮುಂದೆ ಬಂದು ಕೂತಳು. ಮೊದಲ ಹಂಪು ದಾಟಿದೆವು. ಹೊಟ್ಟೆ ಉಜ್ಜಲಿಲ್ಲ, ಅವ್ವ "ಶಿವಾ" ಅನ್ನಲಿಲ್ಲ. ನೋಡಿದೆಯಾ ಎನ್ನುವ ಹಾಗೆ ನಾನು ಅವಳ ಕಡೆ ತಿರುಗಿದೆ. ಅಷ್ಟರಲ್ಲಿ ಹಿಂದಿನಿಂದ ಕಾಫಿಬೀಜ ಬೀಸಿದಂಥ ಸದ್ದು ಬಂತು. ಎರಡನೆಯ ಹಂಪಿಗೆ ಇನ್ನೂ ಜೋರಾಯಿತು. ಬಿ.ಜಿ. ಕೆರೆ ಹತ್ತಿರ ಬರುವಷ್ಟರಲ್ಲಿ ರಬ್ಬರ್ ಸುಟ್ಟ ವಾಸನೆ ಕಾರಿನೊಳಗೆಲ್ಲ ತುಂಬಿ, ಅವ್ವ ಸೆರಗು ಮೂಗಿಗೆ ಹಿಡಿದು, "ಮಲ್ಲೇಶ, ಏನೋ ಸೀದೈತೆ ನೋಡೋ," ಎಂದಳು.

ಇಳಿದು ನೋಡಿದೆ. ಸಾದಿಕ್ ಹೇಳಿದ ಒಂದು ಬೆರಳಿನ ಜಾಗ ಮೂಟೆಗಳ ಅಡಿಯಲ್ಲಿ ಮಾಯವಾಗಿತ್ತು. ಟೈರಿನ ಹೆಗಲು ಕಮಾನಿಗೆ ಉಜ್ಜಿ ಉಜ್ಜಿ ಸವೆದು, ರಬ್ಬರಿನ ಪುಡಿ ಉದುರುತ್ತಿತ್ತು. ಹಿಂಡಿ ಹೊರಲಿ ಎಂದು ಹಾಕಿಸಿದ ಚಕ್ರ ಹಿಂಡಿಯನ್ನು ಹೊರುತ್ತಿರಲಿಲ್ಲ.

ನಮ್ಮ ದೊಡ್ಡಪ್ಪನ ಮನೆ ಬಿ.ಜಿ. ಕೆರೆಯಲ್ಲೇ ಇದೆ. ಅಲ್ಲಿ ಒಂದು ಮೂಟೆ ಇಳಿಸಿ ಹತ್ತು ಮಾರು ಓಡಿಸಿದೆ, ಸದ್ದು ಬಂತು. ಇನ್ನೊಂದನ್ನೂ ಇಳಿಸಿದೆ, ಸದ್ದು ನಿಂತಿತು. ಮುಂದಿನ ಸಲ ತೆಗೆದುಕೊಂಡು ಹೋದರಾಯಿತು, ಈ ಸಲ ದಾರಿಯಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡುಕೊಳ್ಳೋಣ ಎಂದೆ. "ಎಮ್ಮೆ ಬಾಳೆಹಣ್ಣು ತಿಂತಾವೇನು?" ಎಂದಳು ಅವ್ವ. ಆಮೇಲೆ ಮೊಳಕಾಲ್ಮೂರಿನ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ಅದನ್ನು ಗಮನಿಸಲಿಲ್ಲ, ಏಕೆಂದರೆ ಅಷ್ಟರಲ್ಲಿ ನನ್ನ ಕಣ್ಣು ಮೀಟರಿನ ಮೇಲೆ ಬಿದ್ದಿತ್ತು.

ಮನೆ ಬಿಡುವಾಗ ಮೀಟರನ್ನು ಸೊನ್ನೆ ಮಾಡುವುದು ನನ್ನ ಹಳೆಯ ಚಾಳಿ. ಚಿಕ್ಕವ್ವನ ಬಾಗಿಲಲ್ಲಿ ಅದು ಎಷ್ಟು ತೋರಿಸಬೇಕೆಂದು ಬಾಯಿಪಾಠ ಇದೆ. ಆವತ್ತು ಸುಮಾರು ಎರಡು ಕಿಲೋಮೀಟರ್ ಕಡಿಮೆ ತೋರಿಸಿತು. ಮೊದಲು ಗಾಬರಿಯಾಯಿತು, ಆಮೇಲೆ ಹೊಳೆಯಿತು. ಮೀಟರು ದೂರವನ್ನು ಅಳೆಯುವುದಿಲ್ಲ, ಚಕ್ರ ಎಷ್ಟು ಸುತ್ತು ಸುತ್ತಿತು ಎಂದು ಎಣಿಸುತ್ತದೆ, ಅಷ್ಟೇ. ಚಕ್ರ ದೊಡ್ಡದಾದರೆ ಸುತ್ತು ಕಡಿಮೆ. ಪಾಪ, ಅದಕ್ಕೆ ಚಕ್ರ ಬದಲಾಗಿದೆ ಎಂದು ಯಾರೂ ಹೇಳಿಲ್ಲ! ನನಗೆ ಆದ ಆನಂದ ಹೇಳತೀರದು. ಕಾರಿನಿಂದ ಇಳಿದವನೇ, "ಚಿಕ್ಕವ್ವಾ, ಮೊಳಕಾಲ್ಮೂರು ಚಳ್ಳಕೆರೆಗೆ ಎರಡು ಕಿಲೋಮೀಟರ್ ಹತ್ರ ಬಂದೈತೆ," ಎಂದು ಕೂಗಿದೆ.

ಚಿಕ್ಕವ್ವ ಕೇಳಿಸಿಕೊಂಡಳೋ ಇಲ್ಲವೋ. ಅವಳು ಎಂದಿನಂತೆ ಪಡಸಾಲೆಯ ಮೂಲೆಯಲ್ಲಿ ಮೂಟೆ ಇಡುವ ಹಲಗೆಯನ್ನು ಒರೆಸಿ, ನೆಲದ ತೇವ ತಾಗದಂತೆ ಎರಡು ಇಟ್ಟಿಗೆಯ ಮೇಲೆ ಇಟ್ಟಿದ್ದಳು. ಅವ್ವ ಬಾಳೆಹಣ್ಣು ಕೊಟ್ಟಳು. ಚಿಕ್ಕವ್ವ ಎರಡೂ ಕೈಯಲ್ಲಿ ತೆಗೆದುಕೊಂಡಳು, ಹಲಗೆಯ ಕಡೆ ಒಮ್ಮೆ ನೋಡಿದಳು, ಕಾಫಿ ಮಾಡಲು ಹೋದಳು. ಹೊರಡುವಾಗ ಅವಳು ತುಪ್ಪದ ಡಬ್ಬಿ, ಹುಣಿಸೆಹಣ್ಣಿನ ಬುಟ್ಟಿ ತಂದು ನನ್ನ ಮುಂದಿಟ್ಟು ಡಿಕ್ಕಿ ತೆಗಿ ಎಂದಳು. ಅವ್ವ ತಡೆದಳು.

"ಬ್ಯಾಡ ಬಿಡೇ. ಇವನ ಗಾಡಿ ಈಗ ಭಾರ ಹೊರಲ್ಲಂತೆ."

ಚಿಕ್ಕವ್ವ ಹುಟ್ಟಿದ್ದು ನಮ್ಮವ್ವನ ತವರುಮನೆಯಲ್ಲೇ ಆದರೂ ಬಾಳಿದ್ದು ಮೊಳಕಾಲ್ಮೂರಿನಲ್ಲಿ. ಆ ಕಡೆಯ ತೆಲುಗು ಅವಳಿಗೆ ಹತ್ತಿದೆ. ಸಂತೋಷ ಆದಾಗ ಕನ್ನಡ, ನೋವಾದಾಗ ತೆಲುಗು. "ಬರುವೈಪೋತಿಮಾ ಅಕ್ಕಾ?" ಎಂದು ಕೇಳಿದಳು. ನಾವು ಭಾರ ಆಗಿಬಿಟ್ಟೆವಾ ಅಕ್ಕ ಎಂದು. ಅವ್ವ ಕಾರಿನ ಬಾಗಿಲು ತೆಗೆದು ಕೂತಳು. ನಾನು ಆ ಹೊತ್ತಿನಲ್ಲಿ ಫೋನಿನ ನಕ್ಷೆಯಲ್ಲಿ ದೂರವನ್ನು ತಾಳೆ ನೋಡುತ್ತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮುಂದಿನ ಸರದಿಯ ಸೋಮವಾರ ಅವ್ವ ಮಂಡಿನೋವು ಎಂದಳು. ಅದರ ಮುಂದಿನದಕ್ಕೆ ತಲೆಸುತ್ತು. ಮೂರನೆಯದಕ್ಕೆ ಮತ್ತೆ ಮಂಡಿ. ನಾನು ಅವ್ವನಿಗೆ ಎಣ್ಣೆ ಕಾಯಿಸಿ ಕೊಟ್ಟು, ಬಿಡುವಾದ ಸೋಮವಾರಗಳನ್ನು ಸಂಶೋಧನೆಗೆ ಬಳಸಿದೆ. ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಗಾವಲ ಪಕ್ಕದ ನೇರ ರಸ್ತೆಯಲ್ಲಿ ಒಬ್ಬನೇ ಕಾರು ಓಡಿಸಿ, ಮೀಟರು ತೋರಿಸುವ ವೇಗಕ್ಕೂ ಫೋನು ತೋರಿಸುವ ವೇಗಕ್ಕೂ ಎಷ್ಟು ವ್ಯತ್ಯಾಸ ಎಂದು ಹಳೆಯ ಡೈರಿಯಲ್ಲಿ ಬರೆದುಕೊಂಡೆ. ಕುರಿ ಮೇಯಿಸುತ್ತಿದ್ದವನೊಬ್ಬ, ಈ ಮನುಷ್ಯ ಏನೋ ಕಳೆದುಕೊಂಡಿದ್ದಾನೆ ಎಂದು ತಿಳಿದು, ಹುಡುಕಿಕೊಡಲು ಹತ್ತಿರ ಬಂದ. ಏನೂ ಕಳೆದಿಲ್ಲಪ್ಪ ಎಂದು ಅವನನ್ನು ಕಳಿಸಿದೆ.

ಕೊನೆಗೆ ನನ್ನ ಹೆಂಡತಿ ಹೇಳಿದಳು. "ಅತ್ತೆಗೆ ಮಂಡಿನೋವು ಅಂತ ಎಣ್ಣೆ ಕಾಯಿಸ್ತೀರಲ್ಲ, ಇವತ್ತು ಬೆಳಿಗ್ಗೆ ಸಂಡಿಗೆ ಹಾಕಾಕೆ ಎರಡು ಸಲ ಮಾಳಿಗೆ ಹತ್ತಿ ಇಳಿದರು. ನಿಮಗೆ ಚಕ್ರ ಬಿಟ್ಟು ಬೇರೇನೂ ಕಾಣಲ್ವಾ?"

ಅವ್ವನ ಹತ್ತಿರ ಹೋಗಿ ಕೂತು ಕೇಳಿದೆ. ಸಂತೆಯಿಂದ ತಂದ ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಬರಿಗೈಲಿ ಹೆಂಗೆ ಹೋಗ್ಲಿ ಹೇಳು. ನಿಮ್ಮಪ್ಪಗೆ ಹುಷಾರಿಲ್ದೆ ಎರಡು ವರ್ಷ ಮಿಲ್ಲು ಮುಚ್ಚಿತ್ತಲ್ಲ, ನೆನಪೈತಾ ನಿಂಗೆ? ಹದಿನೈದು ದಿನಕ್ಕೊಂದ್ಸಲ ನಿಮ್ಮ ಚಿಕ್ಕವ್ವ ಬಸ್ಸಿನ ಟಾಪ್ ಮೇಲೆ ಜೋಳದ ಮೂಟೆ ಹಾಕ್ಕಂಡು ಬರ್ತಿದ್ಲು. ಅಕ್ಕಪಕ್ಕದೋರು ಕೇಳಿದ್ರೆ, ನಮ್ಮನೇಲಿ ಇಲಿ ಕಾಟ, ಇಡಾಕೆ ಜಾಗ ಇಲ್ಲ, ಅದಕ್ಕೆ ಅಕ್ಕನ ಮನೇಲಿ ಇಡ್ತೀನಿ ಅಂತಿದ್ಲು. ಒಂದು ಸಲಾನೂ ಬರಿಗೈಲಿ ಬರ್ಲಿಲ್ಲ ಅವಳು. ಒಂದು ಸಲಾನೂ ಕೊಡ್ತೀನಿ ಅನ್ಲಿಲ್ಲ."

ನೆನಪಾಯಿತು. ಆಗ ನನಗೆ ಎಂಟು ವರ್ಷವಿರಬೇಕು. ಆ ಮೂಟೆಯ ಮೇಲೆ ಹತ್ತಿ ಕೂತು ಕುದುರೆ ಓಡಿಸುತ್ತಿದ್ದೆ. ಇಲಿ ಕಾಟವನ್ನು ನಾನು ಇಷ್ಟು ವರ್ಷವೂ ನಂಬಿಕೊಂಡಿದ್ದೆ. ಆ ಜೋಳ ತಿಂದು ಬೆಳೆದವನು ನಾನು, ಹಲಗೆ ಒರೆಸಿಟ್ಟುಕೊಂಡು ಕಾದವಳ ಮುಂದೆ ನಿಂತು ಎರಡು ಕಿಲೋಮೀಟರ್ ಎಂದು ಕೂಗಿದ್ದೆ. ಅವ್ವನ ಎದುರು ನನಗೆ ಕಣ್ಣಲ್ಲಿ ನೀರು ಬಂತು. ಅವಳು ನೋಡಿದಳು, ಹುಣಿಸೆಯ ಧೂಳು ಕಣ್ಣಿಗೆ ಬಿತ್ತು ಅಂದುಕೊಂಡವಳ ಹಾಗೆ ಮುಖ ತಿರುಗಿಸಿಕೊಂಡಳು.

ಆ ಮೇಲೆ ನಾನು ಯೋಚಿಸಿದ್ದು ಸಾದಿಕ್‌ನ ಪ್ರಶ್ನೆಯ ಬಗ್ಗೆ. ಅದು ಅವನದೇ ಪ್ರಶ್ನೆಯೂ ಅಲ್ಲ. ನಮ್ಮ ಅಜ್ಜ ಬಿ.ಜಿ. ಕೆರೆಯಲ್ಲಿ ಎತ್ತಿನಗಾಡಿಗೆ ಚಕ್ರ ಮಾಡಿಸುವಾಗ ಬಡಗಿ ಮೊದಲು ಕೇಳುತ್ತಿದ್ದದ್ದು ಎಷ್ಟು ಎತ್ತರ ಬೇಕು ಎಂದಲ್ಲವಂತೆ. ಏನು ಹೇರ್ತೀರಿ ಗೌಡ್ರೆ, ಗೊಬ್ಬರವೋ, ಶೇಂಗಾವೋ, ಕಲ್ಲೋ? ಓಡೋದು ಕೆಂಪು ನೆಲದಾಗೋ, ಎರೆ ನೆಲದಾಗೋ? ಅದು ತಿಳಿದ ಮೇಲೆಯೇ ಕಡ್ಡಿಗಳು ಸೇರುವ ನಡುವಿನ ಗುಂಬ ಎಷ್ಟು ದಪ್ಪ, ಕಡ್ಡಿ ಎಷ್ಟು, ಮೇಲಿನ ಕಬ್ಬಿಣದ ಪಟ್ಟಿ ಎಷ್ಟು ಅಗಲ ಎಂದು ತೀರ್ಮಾನ. ಸಾದಿಕ್ ಕೇಳಿದ್ದು ಅದನ್ನೇ. ನಾನು ಕೊಟ್ಟ ಉತ್ತರದಲ್ಲಿ ಹಿಂಡಿ ಬಿಟ್ಟುಹೋಗಿತ್ತು. ಬೇಕೆಂದು ಬಿಟ್ಟದ್ದಲ್ಲ. ಲಾರಿಗೆ ಏರಿಸಿದರೆ ಹಿಂಡಿ ಲೋಡು, ಅದಕ್ಕೆ ಚೀಟಿ ಉಂಟು, ತೂಕ ಉಂಟು. ನೆಂಟರ ಮನೆಗೆ ಹೊರಟ ಹಿಂಡಿಯನ್ನು ನಮ್ಮ ಮನೆಯಲ್ಲಿ ಯಾರೂ ಈ ತನಕ ತೂಗಿಲ್ಲ. ಅದು ಮರ್ಯಾದೆ. ಮರ್ಯಾದೆ ಎಷ್ಟು ಕೆ.ಜಿ. ಎಂದು ಟೈರ್ ಅಂಗಡಿಯಲ್ಲಿ ಯಾರು ಹೇಳುತ್ತಾರೆ?

ಇನ್ನೊಂದು ನೆನಪಾಯಿತು. ಏಳನೇ ತರಗತಿಯಲ್ಲಿ ಮೇಷ್ಟ್ರು ನಮ್ಮನ್ನು ಜಟಿಂಗ ರಾಮೇಶ್ವರ ಬೆಟ್ಟ ಹತ್ತಿಸಿ ಅಶೋಕನ ಶಾಸನ ತೋರಿಸಿದ್ದರು. ಅಕ್ಷರ ಹೆಚ್ಚೇನೂ ಕಾಣಲಿಲ್ಲ, ಜಾತ್ರೆಯಲ್ಲಿ ಬಳೆಗಾರರು ಆ ಬಂಡೆಯ ಮೇಲೆ ಕೂತು ಕೂತು ಸವೆದಿತ್ತು. ಬಾವುಟಕ್ಕೆ ಇಪ್ಪತ್ನಾಲ್ಕು ಕಡ್ಡಿಯ ಚಕ್ರ ಕೊಟ್ಟ ರಾಜ ಇಷ್ಟು ದೂರ ಬಂದು ಚಕ್ರದ ಬಗ್ಗೆ ಏನು ಬರೆಸಿದ್ದಾನೆ ಎಂದು ನಾನು ಕೇಳಿದ್ದೆ. ಮೇಷ್ಟ್ರು ನಕ್ಕು, ಚಕ್ರದ ಸುದ್ದಿ ಇಲ್ಲ ಎಂದಿದ್ದರು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ನೆಂಟರ ಜೊತೆ ತಕ್ಕ ಹಾಗೆ ನಡೆದುಕೊಳ್ಳಬೇಕು ಎಂದು ಇದೆಯಂತೆ. ಒಂದೊಂದಾಗಿ ತಾಳೆ ನೋಡಿದೆ. ಅವ್ವ, ಎಮ್ಮೆ, ಚಿಕ್ಕವ್ವ, ಸಾದಿಕ್‌ಗೆ ಹೇಳಿದ ಲೆಕ್ಕ. ಒಂದೇ ಸೆಟ್ ಚಕ್ರದಲ್ಲಿ ನಾಲ್ಕನ್ನೂ ಮುರಿದಿದ್ದೆ.

ಮರುದಿನ ಸಾದಿಕ್ ಮುಂದೆ ನಿಂತು ನಿಜ ಹೇಳಿದೆ. ಅವನು ಉಜ್ಜಿದ ಟೈರು ಸವರುತ್ತಾ, "ಎರಡು ಮೂಟೆನಾ ಅಣ್ಣ? ನಾನು ಲೋಡ್ ಎಷ್ಟು ಅಂತ ಕೇಳಿದ್ನಲ್ಲ," ಎಂದ.

"ಅದು ಲೋಡು ಅಂತ ನನಗೆ ಹೊಳೀಲೇ ಇಲ್ಲ ಸಾದಿಕ್."

ಅವನು ನಕ್ಕುಬಿಟ್ಟ. "ಬಿಡ್ರಿ, ನಮ್ಮನೇಲೂ ಹಂಗೇ ಐತೆ. ನಮ್ಮ ಅಮ್ಮಿ ಅಕ್ಕನ ಮನೆಗೆ ಹೋದ್ರೆ ಬಿರಿಯಾನಿ ದಬರಿ ಮಡಿಲಾಗೆ ಇಟ್ಕಂಡೇ ಕೂರೋದು. ಅದನ್ನ ನಾನೂ ಯಾವತ್ತೂ ಲೋಡ್ ಅಂದಿಲ್ಲ."

ಆಮೇಲೆ ಅವನೇ ಒಂದು ಉಪಾಯ ಹೇಳಿದ. ಅದೇ ಅಲಾಯ್ ಇರಲಿ, ತೆಳ್ಳನೆಯ ರಬ್ಬರ್ ಹಾಕೋಣ, ಉಜ್ಜುವುದಿಲ್ಲ, ಆದರೆ ಮೂಟೆ ಹಾಕಿಕೊಂಡು ಹಂಪು, ಗುಂಡಿ ಇಳಿದರೆ ಲೋಹ ಸೊಟ್ಟಗಾದೀತು. ಒಂದು ನಿಮಿಷ, ಪೂರ್ತಿ ಒಂದು ನಿಮಿಷ, ನಾನು ಯೋಚಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ. ಆ ಹತ್ತು ಕಡ್ಡಿಗಳು ಬಿಸಿಲಿಗೆ ಅಷ್ಟು ಚೆನ್ನಾಗಿ ಹೊಳೆಯುತ್ತಿದ್ದವು. ಆಮೇಲೆ ಹಳೆಯದನ್ನೇ ಹಾಕು ಎಂದೆ. ಸಾದಿಕ್ ಅಟ್ಟ ಹತ್ತಿದ. ಹಳೆಯ ಚಕ್ರಗಳನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ. ಮೂರು ಟೋಪಿಗಳನ್ನೂ ಜೋಪಾನವಾಗಿ ಒಂದು ಚೀಲದಲ್ಲಿ ಕಟ್ಟಿಟ್ಟಿದ್ದ. ನಾನು ವಾಪಸು ಬರುತ್ತೇನೆಂದು ಅವನಿಗೆ ಮೊದಲೇ ಗೊತ್ತಿತ್ತೋ ಏನೋ, ಕೇಳಲು ಧೈರ್ಯವಾಗಲಿಲ್ಲ.

ಸೋಮವಾರ ಅವ್ವನ ಮಂಡಿನೋವು ವಾಸಿಯಾಗಿತ್ತು. ಎರಡು ಮೂಟೆ ಹತ್ತಿದವು. ಬಿ.ಜಿ. ಕೆರೆಯಲ್ಲಿ ಬಿಟ್ಟಿದ್ದವನ್ನು ದೊಡ್ಡಪ್ಪನ ಮನೆಯ ಎಮ್ಮೆಗಳು ಆಗಲೇ ತಿಂದು ಮುಗಿಸಿದ್ದವು, ಅದರ ಪುಣ್ಯವೂ ಚಿಕ್ಕವ್ವನಿಗೇ ಸೇರಲಿ. ಮೊದಲ ಹಂಪಿಗೆ ಹೊಟ್ಟೆ ಚೆನ್ನಾಗಿ ಉಜ್ಜಿತು. "ಶಿವಾ" ಎಂದಳು ಅವ್ವ. ಅವಳ ದನಿಯಲ್ಲಿ ದೂರು ಇರಲಿಲ್ಲ. ಚಿಕ್ಕವ್ವನ ಬಾಗಿಲಲ್ಲಿ ಮೀಟರು ಹಳೆಯ ಲೆಕ್ಕವನ್ನೇ ತೋರಿಸಿತು. ಎರಡು ಕಿಲೋಮೀಟರ್ ಹತ್ತಿರವಿದ್ದಾಗ ಹೋಗಲಾಗದ ಊರಿಗೆ ಈಗ ಪೂರ್ತಿ ದೂರ ಓಡಿಸಿಕೊಂಡು ಬಂದಿದ್ದೆ. ಈ ಸಲ ಕೂಗಲಿಲ್ಲ.

ಮೂಟೆಗಳನ್ನು ನಾನೇ ಹೊತ್ತು ಪಡಸಾಲೆಗೆ ತಂದೆ. ಹಲಗೆ ಗೋಡೆಗೆ ಒರಗಿತ್ತು. ಚಿಕ್ಕವ್ವ ಅದನ್ನು ನೋಡಿದಳು, ಮೂಟೆ ನೋಡಿದಳು, ಸೆರಗಿನಿಂದಲೇ ಹಲಗೆ ಒರೆಸಿ ಇಟ್ಟಿಗೆಯ ಮೇಲೆ ಹಾಕಿದಳು. ಆಮೇಲೆ ಹೊರಗೆ ಹೋಗಿ ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಬೋಳು ಚಕ್ರದ ಮುಂದೆ ನಿಂತಳು.

"ಅಲ್ಲೋ ಮಲ್ಲೇಶ, ಆವತ್ತು ಬೇರೆ ಚಕ್ರ ಇದ್ದವಲ್ಲ? ಬೆಳ್ಳಿ ಥರ ಮಿಂಚತಿದ್ವು. ಬಾಳ ಚೆಂದ ಇದ್ವು ಕಣೋ. ಯಾಕೆ ತೆಗೆಸಿಬಿಟ್ಟೆ?"

ಇಡೀ ಚಳ್ಳಕೆರೆಯಲ್ಲಿ ಒಬ್ಬರೂ ಆಡದ ಮಾತು ಅದು. ಆ ಒಂದು ಮಾತಿಗಾಗಿ ನಾನು ಕಾರನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿ ಎಷ್ಟು ದಿನ ಕಾದಿದ್ದೆ! ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು, ಹತ್ತು ಕಡ್ಡಿ, ಹದಿನೇಳು ಇಂಚು, ಮೀಟರಿನ ಸೋಜಿಗ, ಎಲ್ಲ.

"ನಮ್ಮನೆ ಕೆಲಸಕ್ಕೆ ಆಗ್ಲಿಲ್ಲ ಚಿಕ್ಕವ್ವ," ಎಂದೆ. "ಹಿಂಡಿ ಹೊರ್ತಿರಲಿಲ್ಲ."

"ಅಯ್ಯೋ, ಹಿಂಡಿ ಹೊರದೇ ಇರೋದು ಎಂಥಾ ಚಕ್ರನೋ," ಎಂದು ಅಪ್ಪಟ ಕನ್ನಡದಲ್ಲಿ ಬೈದು, ಅವಳು ತುಪ್ಪದ ಡಬ್ಬಿ ತರಲು ಒಳಗೆ ಹೋದಳು.